‘ಅಯ್ಯೋ ಪಾಪ’ ಅನ್ನುವ ಭಾಷೆಯಲ್ಲಿ ಪಾಪದ ಮಾತು

(ತಪಸ್ಸುಕಾಲದ ಒಂದು ಸಂಜೆ ಚರ್ಚಿನ ಸಭಾಂಗಣದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದು.)

ನಾನು 32 ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರು. ಪಾದ್ರಿಗಳು ಮಾತಾಡಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದೀರಿ. ಪಾಪದ ಬಗ್ಗೆ ಮಾತಾಡಿ ಅಂತ ಫೋನ್ ಬಂದಾಗ ಬೈಬಲ್ ತೆಗೆಯುವುದಕ್ಕೆ ಮುಂಚೆ ನಾನು ಆ ಪದವನ್ನೇ ಹಿಡಿದುಕೊಂಡು ಕೂತೆ. ಹಳೇ ಚಾಳಿ.

ಮಗು ಎಡವಿ ಬೀಳುತ್ತದೆ. ಅಜ್ಜಿ ಏನನ್ನುತ್ತಾರೆ? ‘ಅಯ್ಯೋ ಪಾಪ!’ ಮಳೆಯಲ್ಲಿ ನೆನೆದ ನಾಯಿಮರಿ ಮೆಟ್ಟಿಲ ಕೆಳಗೆ ನಡುಗುತ್ತಾ ಕೂತಿದೆ. ‘ಪಾಪ, ಒಂದು ಗೋಣಿಚೀಲ ಹಾಸು.’ ಪಕ್ಕದ ಮನೆಯ ಹುಡುಗನಿಗೆ ಕೆಲಸ ಹೋಯಿತು. ‘ಪಾಪ, ಮೊನ್ನೆ ತಾನೆ ಮದುವೆ ಆಗಿತ್ತು.’ ಇಲ್ಲೆಲ್ಲ ಯಾರು ಯಾವ ಪಾಪ ಮಾಡಿದ್ದಾರೆ? ಮಗು ಮಾಡಿಲ್ಲ, ನಾಯಿಮರಿ ಮಾಡಿಲ್ಲ. ಆದರೂ ನಮ್ಮ ಬಾಯಿಗೆ ಬರುವುದು ಅದೇ ಪದ. ನರಕಕ್ಕೆ ಕಳಿಸುವುದಕ್ಕೂ ಅದೇ, ಕನಿಕರ ತೋರಿಸುವುದಕ್ಕೂ ಅದೇ.

ಇನ್ನೊಂದು ಬಳಕೆ ನೋಡಿ. ‘ಅವನು ಪಾಪದ ಮನುಷ್ಯ ಕಣ್ರೀ, ಯಾರಿಗೂ ಎದುರಾಡುವವನಲ್ಲ.’ ನಿಘಂಟು ಓದಿ ಕನ್ನಡ ಕಲಿತವರಿಗೆ ಈ ವಾಕ್ಯ ಕೊಟ್ಟರೆ, ಯಾವನೋ ಭಾರೀ ದುಷ್ಟನ ಮಾತು ನಡೀತಿದೆ ಅಂದುಕೊಳ್ಳುತ್ತಾರೆ. ನಮಗೆ ಗೊತ್ತು, ಅವನು ಸಾಧು. ಕರಾವಳಿಯ ಕಡೆಗೆ ನನಗೆ ವರ್ಗ ಆಗಿತ್ತು. ಅಲ್ಲಿ ‘ಪಾಪದವರು’ ಅಂದರೆ ಬಡವರು, ದಿಕ್ಕಿಲ್ಲದವರು.

ಪದ ಸಂಸ್ಕೃತದ್ದು. ಆದರೆ ಅದಕ್ಕೆ ಈ ‘ಅಯ್ಯೋ’ ಸೇರಿಸಿದ್ದು ದಕ್ಷಿಣದವರು. ತಮಿಳು, ಮಲಯಾಳದವರು ‘ಪಾವಂ’ ಅನ್ನುತ್ತಾರೆ, ತೆಲುಗಿನವರು ‘ಪಾಪಂ’ ಅನ್ನುತ್ತಾರೆ, ನಮ್ಮ ಹಾಗೇ ಕನಿಕರಕ್ಕೆ. ಹಿಂದಿಯವರು ‘ಬೇಚಾರಾ’ ಅಂದುಬಿಡುತ್ತಾರೆ. ಅವರಿಗೆ ಪಾಪ ಅಂದರೆ ಪಾಪ ಅಷ್ಟೇ.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಮುಂದೆ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಗ್ರೀಕ್, ಹೀಬ್ರೂ ಪದಗಳಿಗೆ ಸಮ ಹುಡುಕುವಾಗ ಅವರಿಗೂ ಅವರ ನಂತರದವರಿಗೂ ‘ಪಾಪ’ ಸಿಕ್ಕಿತು. ತೆಗೆದುಕೊಂಡರು. ಅದರ ಜೊತೆ ಅಜ್ಜಿಯ ‘ಅಯ್ಯೋ’ ಕೂಡ ಪುಟದೊಳಗೆ ಬಂದು ಕೂತಿತು. ಕನ್ನಡದಲ್ಲಿ ಬೈಬಲ್ ಓದುವವರಿಗೆ ಇದೊಂದು ಲಾಭ.

ನಿಮ್ಮ ಕರಪತ್ರದಲ್ಲಿ ಮೂರು ವಿಷಯ ಅಚ್ಚು ಹಾಕಿಸಿದ್ದೀರಿ. ಪಾಪ, ದೀನತೆ, ದೇವರ ಕರುಣೆ. ನನಗೆ ಅದು ಒಂದೇ ಪದದ ಮೂರು ಬಳಕೆ ಥರ ಕಾಣಿಸಿತು. ಅಷ್ಟನ್ನು ಹಿಡಿದುಕೊಂಡೇ ಮಾತಾಡುತ್ತೇನೆ.

ಪಾಪಕ್ಕೆ ನಮ್ಮಲ್ಲಿ ಇನ್ನೂ ಒಂದು ಪದ ಇದೆ. ‘ತಪ್ಪು’. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನಾ ಹೇಳುವುದು ಇದನ್ನೇ ಅಲ್ವಾ? ನಮ್ಮ ತಪ್ಪುಗಳನ್ನು ಕ್ಷಮಿಸು. ಇದು ಅಚ್ಚ ಕನ್ನಡ, ಕ್ರಿಯಾಪದವೂ ಹೌದು. ಬಸ್ಸು ತಪ್ಪಿತು. ದಾರಿ ತಪ್ಪಿತು. ಕೈ ತಪ್ಪಿ ಲೋಟ ಬಿತ್ತು. ಮಾತಿಗೆ ತಪ್ಪಿದ. ಗುರಿ ತಪ್ಪಿತು. ಹಳೇ ಒಡಂಬಡಿಕೆಯಲ್ಲಿ ಪಾಪಕ್ಕೆ ಜಾಸ್ತಿ ಬಳಸಿರುವ ಹೀಬ್ರೂ ಪದದ ಬೇರಿನಲ್ಲೂ ಗುರಿ ತಪ್ಪುವ ಅರ್ಥ ಇದೆ. ಗ್ರೀಕಿನ ‘ಹಮಾರ್ತಿಯಾ’ದಲ್ಲೂ ಅದೇ. ನ್ಯಾಯಸ್ಥಾಪಕರ ಪುಸ್ತಕದ 20ನೇ ಅಧ್ಯಾಯದಲ್ಲಿ ಬೆನ್ಯಾಮೀನ ಕುಲದ 700 ಮಂದಿ ಎಡಚರ ಮಾತು ಬರುತ್ತದೆ. ಕವಣೆ ಬೀಸಿದರೆ ಕೂದಲೆಳೆಗೂ ಕಲ್ಲು ತಾಗಿಸುತ್ತಿದ್ದರಂತೆ, ತಪ್ಪುತ್ತಿರಲಿಲ್ಲವಂತೆ. ಆ ‘ತಪ್ಪು’ ಅನ್ನುವಲ್ಲಿ ಇರುವುದು ಅದೇ ಬೇರಿನ ಪದ.

ಕವಣೆ ಅಂದಾಗ ನಮ್ಮ ಸೋದರಮಾವ ನೆನಪಾಗುತ್ತಾರೆ. ಜೋಳ ಹಾಲುಗಾಳಾದಾಗ ಹೊಲದಲ್ಲಿ ಅಟ್ಟಣೆ ಕಟ್ಟುತ್ತಿದ್ದೆವು. ಅದರ ಮೇಲೆ ನಿಂತು ಮಾವ ಕವಣೆ ಬೀಸಿದರೆ ‘ರೊಯ್’ ಅಂತ ಸದ್ದು. ಗಿಳಿ ಹಿಂಡು ಎದ್ದು ಹೋಗುತ್ತಿತ್ತು. ಊರಲ್ಲೇ ಅಂಥ ಕೈ ಇರಲಿಲ್ಲ. ಒಂದು ಸಂಜೆ, ಮಬ್ಬುಗತ್ತಲು. ಬದುವಿನ ಹತ್ತಿರ ಏನೋ ಅಲುಗಾಡಿತು. ಹಂದಿ ಅಂತ ಮಾವ ಬೀಸಿದರು. ಕಲ್ಲು ಸರಿಯಾಗಿಯೇ ತಾಗಿತು. ತಾಗಿದ್ದು ಪಕ್ಕದ ಹೊಲದವರ ಎಮ್ಮೆಕರುವಿಗೆ.

ಆವತ್ತು ರಾತ್ರಿ ಅವರ ಮನೆ ಜಗಲಿಯಲ್ಲಿ ಮಾವ ತಲೆ ತಗ್ಗಿಸಿ ಕೂತಿದ್ದನ್ನು ನೋಡಿದ್ದೇನೆ. ಆಗ ನನಗೆ ಹತ್ತು ವರ್ಷ ಇರಬೇಕು. ಕೈ ಚೆನ್ನಾಗಿದ್ದಷ್ಟೂ ತಪ್ಪು ದೊಡ್ಡದಾಗುತ್ತದೆ ಅಂತ ಅರ್ಥ ಆಗಿದ್ದು ಬಹಳ ವರ್ಷದ ಮೇಲೆ. ಕೈಲಾಗದವನ ಕಲ್ಲು ಎಲ್ಲೋ ಗಿಡಕ್ಕೆ ಬಿದ್ದು ಹೋಗುತ್ತಿತ್ತು.

ಬೈಬಲ್ಲಿನಲ್ಲಿ ಕವಣೆಗೆ ಹೆಸರಾದವನು ಯಾರು? ದಾವೀದ. ದೈತ್ಯ ಗೊಲ್ಯಾತನ ಹಣೆಗೆ ಒಂದೇ ಕಲ್ಲು. ಮುಂದೆ ರಾಜನಾದ. ಅವನ ಕೈಯೂ ತಪ್ಪುವ ಕೈಯಲ್ಲ. ಎರಡನೇ ಸಮುವೇಲನ 11ನೇ ಅಧ್ಯಾಯ ಓದಿ. ಸೈನ್ಯ ರಬ್ಬಾ ಪಟ್ಟಣಕ್ಕೆ ಮುತ್ತಿಗೆ ಹಾಕಿದೆ, ರಾಜ ಯೆರೂಸಲೇಮಿನಲ್ಲೇ ಉಳಿದಿದ್ದಾನೆ. ಸಂಜೆ ಮಾಳಿಗೆಯ ಮೇಲೆ ಓಡಾಡುವಾಗ ಬತ್ಷೆಬೆ ಕಣ್ಣಿಗೆ ಬೀಳುತ್ತಾಳೆ. ಅವಳ ಗಂಡ ಊರೀಯ, ಹಿತ್ತಿಯನು, ರಾಜನಿಗಾಗಿಯೇ ರಣರಂಗದಲ್ಲಿದ್ದಾನೆ. ಅವಳನ್ನು ಕರೆಸಿಕೊಂಡ. ಅವಳು ಬಸುರಿ ಆದಳು. ಆಮೇಲೆ ರಾಜ ಊರೀಯನ ಕೈಗೇ ಒಂದು ಪತ್ರ ಕೊಟ್ಟು ಸೇನಾಪತಿಗೆ ಕಳಿಸುತ್ತಾನೆ. ಇವನನ್ನು ಯುದ್ಧ ಜೋರಾಗಿರುವ ಕಡೆ ನಿಲ್ಲಿಸಿ ನೀವು ಹಿಂದಕ್ಕೆ ಸರಿಯಿರಿ ಅಂತ. ಆ ಮನುಷ್ಯ ತನ್ನ ಸಾವಿನ ಕಾಗದವನ್ನು ತಾನೇ ಹೊತ್ತುಕೊಂಡು ಹೋದ. ಬಿಚ್ಚಿ ನೋಡಲಿಲ್ಲ. ಪಾಪದವನು.

ಎಲ್ಲ ಅಂದುಕೊಂಡ ಹಾಗೇ ಆಯಿತು. ಕಲ್ಲು ಸರಿಯಾಗಿಯೇ ತಾಗಿತು.

ಈಗ ನಾತಾನ ಬರುತ್ತಾನೆ. ಪ್ರವಾದಿ. ನೇರವಾಗಿ ‘ಕೊಲೆಗಾರ’ ಅನ್ನಬಹುದಿತ್ತು. ಅಂದಿದ್ದರೆ ಏನಾಗುತ್ತಿತ್ತೋ ನಿಮಗೆ ಗೊತ್ತು. ಅವನೊಂದು ಕಥೆ ಹೇಳಿದ. ಒಂದೂರಲ್ಲಿ ಒಬ್ಬ ಸಾಹುಕಾರ, ಒಬ್ಬ ಬಡವ. ಸಾಹುಕಾರನಿಗೆ ಕುರಿ, ದನ ಬೇಕಾದಷ್ಟು. ಬಡವನಿಗೆ ಒಂದೇ ಒಂದು ಹೆಣ್ಣು ಕುರಿಮರಿ. ಅವನ ತುತ್ತಿನಲ್ಲೇ ತಿನ್ನುತ್ತಿತ್ತು, ಅವನ ಬಟ್ಟಲಲ್ಲೇ ಕುಡಿಯುತ್ತಿತ್ತು, ಎದೆಗೊರಗಿ ಮಲಗುತ್ತಿತ್ತು, ಮಗಳ ಹಾಗಿತ್ತು. ಸಾಹುಕಾರನ ಮನೆಗೆ ನೆಂಟ ಬಂದ. ಸಾಹುಕಾರ ತನ್ನ ಹಿಂಡನ್ನು ಮುಟ್ಟಲಿಲ್ಲ. ಬಡವನ ಕುರಿಮರಿಯನ್ನು ಹಿಡಿದು ತಂದು ಅಡುಗೆ ಮಾಡಿಸಿದ.

ದಾವೀದ ಸಿಡಿದೆದ್ದ. ಅವನು ಸಾಯಬೇಕು ಅಂದ. ಒಂದಕ್ಕೆ ನಾಲ್ಕು ಕೊಡಬೇಕು ಅಂದ. ಕಾರಣವನ್ನೂ ಕೊಟ್ಟ. ಅವನಿಗೆ ಕನಿಕರ ಇರಲಿಲ್ಲ ಅಂತ.

ಇಲ್ಲಿ ಸ್ವಲ್ಪ ನಿಲ್ಲೋಣ. ದಾವೀದನ ಎದೆಯಲ್ಲಿ ಒಂದು ‘ಅಯ್ಯೋ ಪಾಪ’ ಇನ್ನೂ ಬದುಕಿತ್ತು. ಊರೀಯನ ಬಗ್ಗೆ ಸತ್ತಿತ್ತು, ಕುರಿಮರಿಯ ಬಗ್ಗೆ ಬದುಕಿತ್ತು. ಕುರುಬರ ಮನೆಯ ಹುಡುಗ ತಾನೆ, ಕುರಿ ಅಂದರೆ ಕರಗಿದ. ನಾತಾನ ಆ ಒಂದು ಬಾಗಿಲು ಎಲ್ಲಿ ತೆರೆದಿದೆ ಅಂತ ತಿಳಿದು ಅಲ್ಲಿಂದ ಒಳಗೆ ಹೋದ. ‘ಆ ಮನುಷ್ಯ ನೀನೇ’ ಅಂದ. ಹೀಬ್ರೂವಿನಲ್ಲಿ ಎರಡೇ ಪದ.

ಮನುಷ್ಯ ತನ್ನ ಪಾಪ ಕಾಣುವುದು ಬೈಗುಳದಿಂದ ಅಂತ ನಾನೂ ನಂಬಿದ್ದೆ. ಮೇಷ್ಟ್ರು ಕೆಲಸದಲ್ಲಿ ಅದೇ ನಂಬಿಕೆ, ಜೊತೆಗೆ ಒಂದು ಬೆತ್ತ. ಆದರೆ ಬೈದವರಿಗೆ ಉತ್ತರ ಕೊಡುವುದರಲ್ಲೇ ನಮ್ಮ ಶಕ್ತಿಯೆಲ್ಲ ಹೋಗುತ್ತದೆ. ಇನ್ನೊಬ್ಬರ ನೋವು ಕಂಡು ‘ಪಾಪ’ ಅನ್ನಿಸಿದ ಗಳಿಗೆಯಲ್ಲೇ, ಆ ನೋವು ಕೊಟ್ಟವನು ನಾನು ಅಂತ ಗೊತ್ತಾದರೆ ಉತ್ತರ ಎಲ್ಲಿಂದ ಬರಬೇಕು?

ದಾವೀದ ಅಂದದ್ದೂ ಎರಡೇ ಪದ. ಯೆಹೋವನಿಗೆ ಪಾಪಮಾಡಿದೆನು. ಮುಂದೆ ಏನೂ ಇಲ್ಲ. ಅವನಿಗಿಂತ ಹಿಂದಿನ ರಾಜ ಸೌಲ. ಅವನೂ ಪ್ರವಾದಿ ಸಮುವೇಲನ ಮುಂದೆ ‘ಪಾಪಮಾಡಿದ್ದೇನೆ’ ಅಂದವನೇ, ಮೊದಲನೇ ಸಮುವೇಲನ 15ನೇ ಅಧ್ಯಾಯದಲ್ಲಿ. ಆದರೆ ಅವನ ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ. ಜನರಿಗೆ ಹೆದರಿ ಹಾಗೆ ಮಾಡಿದೆ ಅನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪಾಪಮಾಡಿದ್ದೇನೆ ಅಂದು, ಆದರೂ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅನ್ನುತ್ತಾನೆ. ವ್ಯಾಕರಣದ ಮೇಷ್ಟ್ರಿಗೆ ಇದು ಥಟ್ಟನೆ ಕಾಣುತ್ತದೆ. ‘ತಪ್ಪಾಯ್ತು, ಆದರೆ...’ ಈ ‘ಆದರೆ’ ಬಂದ ಕೂಡಲೇ ಹಿಂದಿನ ಮಾತು ಅಳಿಸಿಹೋಗುತ್ತದೆ. ಮನೆಯಲ್ಲಿ ಪ್ರಯೋಗ ಮಾಡಿ ನೋಡಿ. ‘ತಪ್ಪಾಯ್ತು’ ಅಂದು ಬಾಯಿ ಮುಚ್ಚಿಕೊಳ್ಳಿ. ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ನಮ್ಮ ಮನೆಯವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ದೀನತೆ ಅನ್ನುವುದಕ್ಕೆ ನಾನು ಕಂಡುಕೊಂಡ ಅರ್ಥ ಇಷ್ಟೇ. ‘ಆದರೆ’ ಇಲ್ಲದ ವಾಕ್ಯ.

ಇನ್ನು ಲೂಕನ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ, ಒಬ್ಬ ಫರಿಸಾಯ, ಅಂದರೆ ಕಟ್ಟಳೆ ಬಿಡದೆ ಪಾಲಿಸುವ ಯೆಹೂದ್ಯ ಪಂಗಡದವನು, ಇನ್ನೊಬ್ಬ ಸುಂಕದವನು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅಂತ ನಮ್ಮಲ್ಲಿ ಗಾದೆಯೇ ಇದೆ. ಗಾಡಿ ಕಟ್ಟಿಕೊಂಡು ಸಂತೆಗೆ ಹೊರಟವನು ಸುಂಕದ ಕಟ್ಟೆಯಲ್ಲಿ ‘ಸ್ವಾಮಿ, ಮಗಳಿಗೆ ಜ್ವರ, ಬೆಳೆ ಹೋಯ್ತು’ ಅಂತ ಎಷ್ಟು ಅತ್ತರೂ ಅವನು ಮೂಟೆ ಎಣಿಸುತ್ತಾ ಇರುತ್ತಾನೆ. ಯೇಸುವಿನ ಶಿಷ್ಯ ಮತ್ತಾಯ ಮೊದಲು ಕೂತಿದ್ದು ಅಂಥ ಸುಂಕದ ಕಟ್ಟೆಯಲ್ಲೇ. ಬೆಂಗಳೂರಿನವರಿಗೆ ಸುಂಕದಕಟ್ಟೆ ಅಂದರೆ ಮಾಗಡಿ ರಸ್ತೆಯ ಬಸ್ ಸ್ಟಾಪು, ಅಷ್ಟೇ. ಹೆಸರಿನ ಹಿಂದೆ ಎಷ್ಟು ಜನರ ಕಣ್ಣೀರಿದೆಯೋ.

ಆ ಕಾಲದಲ್ಲಿ ಸುಂಕವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಇಷ್ಟು ಕಟ್ಟುತ್ತೇನೆ ಅಂತ ಗುತ್ತಿಗೆ ಹಿಡಿದವನು ಅದಕ್ಕಿಂತ ಜಾಸ್ತಿ ಎಷ್ಟು ಹಿಂಡಿದರೂ ಅದು ಅವನ ಜೇಬಿಗೆ. ಹಿಂಡುವುದು ತನ್ನ ಜನರನ್ನೇ, ದೊರೆಗಳ ಪರವಾಗಿ. ಹಾಗಾಗಿ ಅವನನ್ನು ಯಾರೂ ಮನೆಗೆ ಸೇರಿಸುತ್ತಿರಲಿಲ್ಲ. ಈಗ ಗಾದೆಯನ್ನು ತಿರುಗಿಸಿ ನೋಡಿ. ಯಾರ ಮುಂದೆ ಯಾರೂ ಸುಖದುಃಖ ಹೇಳಿಕೊಳ್ಳಲಾಗದೋ, ಅವನೇ ಬಂದು ತನ್ನ ದುಃಖ ಹೇಳಿಕೊಳ್ಳುತ್ತಿದ್ದಾನೆ. ದೂರದಲ್ಲಿ ನಿಂತಿದ್ದಾನೆ. ಕಣ್ಣೆತ್ತುವುದಿಲ್ಲ. ಎದೆ ಬಡಿದುಕೊಳ್ಳುತ್ತಾನೆ. ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು.’

ಫರಿಸಾಯನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಆ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ. ಅದು ಅನ್ಯಾಯ. ಅವರು ಊರಿನ ಒಳ್ಳೆಯ ಜನ. ಓದಿದವರು, ಕಟ್ಟಳೆ ತಪ್ಪದವರು. ಯೆಹೂದ್ಯರ ಕಲಿಕೆಯ ಪರಂಪರೆಯನ್ನು ದೇವಾಲಯ ನಾಶವಾದ ಮೇಲೂ ಉಳಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಹೆಸರು ಹಿಡಿದು ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರನ್ನು ಹೀಯಾಳಿಸಿದ್ದು ನಮ್ಮದೇ ಪಾಪದ ಪಟ್ಟಿಯಲ್ಲಿ ಇರಬೇಕು. ಈ ಕಥೆಯ ಫರಿಸಾಯ ಸುಳ್ಳನ್ನೂ ಹೇಳುತ್ತಿಲ್ಲ. ಧರ್ಮಶಾಸ್ತ್ರ ಎಲ್ಲರಿಗೂ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದೇ ಉಪವಾಸ, ದೋಷಪರಿಹಾರಕ ದಿನದ್ದು. ಇವನು ವಾರಕ್ಕೆ ಎರಡು ಮಾಡುತ್ತಾನೆ. ದಶಮಾಂಶ ಕೊಡುತ್ತಾನೆ. ನಮ್ಮ ಸಭೆಯಲ್ಲಿದ್ದಿದ್ದರೆ ಖಜಾಂಚಿ ಮಾಡುತ್ತಿದ್ದೆವು. ನಾನೇ ಕೈ ಎತ್ತುತ್ತಿದ್ದೆ.

ಅವನ ಕಲ್ಲು ಬಿದ್ದದ್ದು ಬೇರೆ ಕಡೆ. ದೇವರ ಮುಂದೆ ನಿಂತವನು ಪಕ್ಕಕ್ಕೆ ನೋಡಿದ. ‘ಈ ಸುಂಕದವನ ಹಾಗೆ ಅಲ್ಲ’ ಅಂದ. ಅವನಿಗೆ ಸುಂಕದವನನ್ನು ನೋಡಿ ‘ಪಾಪ’ ಅನ್ನಿಸಲಿಲ್ಲ. ಅನ್ನಿಸಿದ್ದಿದ್ದರೆ ಆ ಪ್ರಾರ್ಥನೆಯೇ ಬೇರೆ ಆಗುತ್ತಿತ್ತು.

ಸುಂಕದವನ ಪ್ರಾರ್ಥನೆ ಗ್ರೀಕಿನಲ್ಲಿ ಆರೇ ಪದ. ಅದರಲ್ಲಿ ಎರಡು ಸಂಗತಿ ನಮ್ಮ ಅನುವಾದದಲ್ಲಿ ಸುಲಭವಾಗಿ ಕಾಣುವುದಿಲ್ಲ. ಒಂದು, ಅವನು ‘ಒಬ್ಬ ಪಾಪಿ’ ಅನ್ನುತ್ತಿಲ್ಲ, ‘ಆ ಪಾಪಿ’ ಅನ್ನುವ ಹಾಗೆ ಹೇಳುತ್ತಾನೆ. ಅವನ ಲೆಕ್ಕದಲ್ಲಿ ಆ ಅಂಗಳದಲ್ಲಿ ಇದ್ದದ್ದು ಒಬ್ಬನೇ ಪಾಪಿ. ಎರಡು, ‘ಕರುಣಿಸು’ ಅನ್ನುವ ಜಾಗದಲ್ಲಿ ಇರುವುದು ಬೀದಿಯ ಕುರುಡರು ಯೇಸುವನ್ನು ‘ದಾವೀದನ ಕುಮಾರನೇ’ ಅಂತ ಕೂಗಿದಾಗ ಬಳಸಿದ ಸಾಮಾನ್ಯ ಪದ ಅಲ್ಲ. ಅದು ‘ಕೃಪಾಸನ’ ಅನ್ನುವ ಪದದ ನೆಂಟ. ದೇವರ ಆಜ್ಞೆಗಳ ಕಲ್ಲಿನ ಹಲಗೆ ಇಟ್ಟಿದ್ದ ಒಡಂಬಡಿಕೆಯ ಪೆಟ್ಟಿಗೆಯ ಮೇಲಿನ ಮುಚ್ಚಳಕ್ಕೆ ಕೃಪಾಸನ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಮಹಾಯಾಜಕ ಒಳಗೆ ಹೋಗಿ ಅಲ್ಲಿ ರಕ್ತ ಚಿಮುಕಿಸಬೇಕು, ಜನರ ಪಾಪ ಕಳೆಯಬೇಕು.

ಸ್ವಾರಸ್ಯ ಏನು ಗೊತ್ತಾ? ಯೇಸುವಿನ ಕಾಲದ ದೇವಾಲಯದಲ್ಲಿ ಆ ಪೆಟ್ಟಿಗೆ ಇರಲೇ ಇಲ್ಲ. ಬಾಬೆಲಿನವರು ಮೊದಲ ದೇವಾಲಯ ಕೆಡವಿದ ಮೇಲೆ ಅದು ಮತ್ತೆ ಕಾಣಿಸಲಿಲ್ಲ. ಕ್ರಿ.ಪೂ. 63ರಲ್ಲಿ ರೋಮನ್ ಸೇನಾಪತಿ ಪಾಂಪೆ ಪರದೆ ಸರಿಸಿ, ಆ ಪೆಟ್ಟಿಗೆ ಇರಬೇಕಾಗಿದ್ದ ಅತಿಪರಿಶುದ್ಧ ಸ್ಥಳಕ್ಕೆ ನುಗ್ಗಿದ. ಒಳಗೆ ದೇವರ ಒಂದು ವಿಗ್ರಹವೂ ಇರಲಿಲ್ಲ. ಇಂಥ ಖಾಲಿ ಕೋಣೆಯ ಕಡೆಗೆ, ದೂರದಿಂದ, ಮುಖ ಎತ್ತದೆ, ಒಬ್ಬ ಸುಂಕದವನು ಕೃಪಾಸನದ ಮಾತಾಡುತ್ತಿದ್ದಾನೆ. ಮುಚ್ಚಳ ಇಲ್ಲ, ಪೆಟ್ಟಿಗೆ ಇಲ್ಲ. ಕೈಯಲ್ಲಿ ಒಂದು ಪಾರಿವಾಳವೂ ಇಲ್ಲ. ನೀತಿವಂತನಾಗಿ ಮನೆಗೆ ಹೋದವನು ಅವನೇ ಅಂತ ಯೇಸು ಹೇಳುತ್ತಾನೆ.

ಈ ದೀನತೆಯಲ್ಲೂ ಒಂದು ಮೋಸ ಇದೆ, ಹೇಳಬೇಕು. ಸಾಕ್ಷಿ ಹೇಳುವ ಕೂಟಗಳಿಗೆ ನೀವೆಲ್ಲ ಹೋಗಿದ್ದೀರಿ. ಒಬ್ಬರು ಎದ್ದು ನಿಂತು ‘ನನ್ನಂಥ ಪಾಪಿ ಇರಲಿಲ್ಲ’ ಅನ್ನುತ್ತಾರೆ. ಮುಂದಿನವರು ಅವರನ್ನು ಮೀರಿಸುತ್ತಾರೆ. ಮೂರನೆಯವರ ಹೊತ್ತಿಗೆ ಪೈಪೋಟಿ. ನಾನೇ ನನ್ನನ್ನು ಪಾಪಿ ಅಂದುಕೊಂಡರೆ ಅದು ಸಾಕ್ಷಿ, ಪಕ್ಕದವರು ಅಂದರೆ ಜಗಳ. ಇದು ಹೊಸ ಕಾಯಿಲೆ ಏನಲ್ಲ. ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳ ಕಾಲದಲ್ಲೇ ಇತ್ತು. ಸೆರಾಪಿಯೋನ್ ಅನ್ನುವ ಹಿರಿಯರ ಹತ್ತಿರ ಇನ್ನೊಬ್ಬ ಸನ್ಯಾಸಿ ಬಂದ. ಪ್ರಾರ್ಥನೆ ಮಾಡಪ್ಪಾ ಅಂದರೆ, ಅಯ್ಯೋ ನಾನು ಪಾಪಿ, ಈ ಬಟ್ಟೆ ಹಾಕಿಕೊಳ್ಳುವುದಕ್ಕೂ ಲಾಯಕ್ಕಿಲ್ಲ ಅಂದ. ಊಟ ಆದ ಮೇಲೆ ಹಿರಿಯರು ಮೆಲ್ಲಗೆ, ಊರೂರು ಸುತ್ತುವ ಬದಲು ನಿನ್ನ ಗುಡಿಸಲಲ್ಲಿ ಕೂತು ಕೆಲಸ ಮಾಡಬಾರದಾ ಮಗಾ ಅಂದರು. ಅವನ ಮುಖ ಊದಿಕೊಂಡಿತು. ಆಗ ಹಿರಿಯರು, ಇಷ್ಟು ಹೊತ್ತು ನಿನ್ನನ್ನು ನೀನೇ ಬೈದುಕೊಳ್ಳುತ್ತಿದ್ದೆ, ನಾನು ಒಂದು ಮಾತು ಅಂದಿದ್ದಕ್ಕೆ ಹೀಗಾ ಅಂದರು.

ಅದೇ ಮರಳುಗಾಡಿನಲ್ಲಿ ಮೋಶೆ ಅಂತ ಒಬ್ಬರಿದ್ದರು. ಕಪ್ಪು ಮೋಶೆ ಅನ್ನುತ್ತಿದ್ದರು. ಒಂದು ಕಾಲಕ್ಕೆ ದರೋಡೆಕಾರ, ಆಮೇಲೆ ಸನ್ಯಾಸಿ. ಒಮ್ಮೆ ಸ್ಕೇಟಿಸ್ ಅನ್ನುವ ಸನ್ಯಾಸಿಗಳ ನೆಲೆಯಲ್ಲಿ ಯಾರೋ ಒಬ್ಬ ತಪ್ಪು ಮಾಡಿದ ಅಂತ ಪಂಚಾಯಿತಿ ಸೇರಿತು. ಮೋಶೆ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ ಅಂತ ಹೇಳಿ ಕಳಿಸಿದರು. ಬಂದರು. ಬರುವಾಗ ಸೋರುವ ಒಂದು ಪಾತ್ರೆಗೆ ನೀರು ತುಂಬಿಕೊಂಡು ಹೊತ್ತು ತಂದರು. ಇದೇನು ಅಂತ ಕೇಳಿದರೆ, ನನ್ನ ಪಾಪಗಳು ನನ್ನ ಹಿಂದೆ ಸೋರಿಕೊಂಡು ಬರುತ್ತಿವೆ, ನನಗೆ ಕಾಣುತ್ತಿಲ್ಲ, ಇವತ್ತು ಇನ್ನೊಬ್ಬನ ತಪ್ಪಿಗೆ ತೀರ್ಪು ಹೇಳಲು ಬಂದಿದ್ದೇನೆ ಅಂದರು. ಪಂಚಾಯಿತಿ ಮುರಿಯಿತು. ತಪ್ಪು ಮಾಡಿದವನನ್ನು ಕ್ಷಮಿಸಿ ಕಳಿಸಿದರು. ನನಗೆ ಇಷ್ಟ ಆಗುವುದು ಏನು ಅಂದರೆ, ಮೋಶೆ ಅವನ ತಪ್ಪನ್ನು ತಪ್ಪಲ್ಲ ಅನ್ನಲಿಲ್ಲ. ಸುಮ್ನೆ ಒದ್ದೆ ದಾರಿ ತೋರಿಸಿದರು.

ಕರುಣೆಯ ಮಾತಿಗೆ ಬರುತ್ತೇನೆ. ‘ಕರುಣೆ’ ದೊಡ್ಡ ಪದ. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ನಮ್ಮವರು ಹೇಳುವುದು, ‘ನೋಡಿ ಕರುಳು ಚುರುಕ್ ಅಂತು’ ಅಂತ. ಹೀಬ್ರೂವಿನಲ್ಲಿ ಕರುಣೆಗೆ ಇರುವ ಒಂದು ಪದ ತಾಯಿಯ ಗರ್ಭ ಅನ್ನುವ ಪದದ ಜೊತೆಗೇ ಹುಟ್ಟಿದ್ದು. ಗ್ರೀಕಿನ ಸುವಾರ್ತೆಗಳಲ್ಲಿ ಯೇಸು ಜನರನ್ನು ಕಂಡು ಕನಿಕರಪಟ್ಟ ಅನ್ನುವ ಕಡೆ ಇರುವ ಪದದ ಬೇರು ಕರುಳೇ. ಯೇಸು ಹೇಳಿದ ಕಥೆಯಲ್ಲಿ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡವನನ್ನು ಕಂಡಾಗ ಅದೇ. ಇನ್ನೊಂದು ಕಥೆಯಲ್ಲಿ, ಪಾಲಿನ ಆಸ್ತಿ ಹಾಳುಮಾಡಿ ದೂರದಲ್ಲಿ ಮರಳಿ ಬರುತ್ತಿರುವ ಕಿರಿಮಗನನ್ನು ಕಂಡ ತಂದೆಗೂ ಅದೇ. ಕರುಳು ಚುರುಕ್ ಅಂದದ್ದಕ್ಕೇ ಆ ಮುದುಕ ಓಡಿದ್ದು. ಮಗ ದಾರಿಯುದ್ದಕ್ಕೂ ಒಂದು ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದ. ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ ಅನ್ನುವ ಕೊನೇ ಸಾಲು ಹೇಳುವುದಕ್ಕೆ ತಂದೆ ಬಿಡಲೇ ಇಲ್ಲ. ಲೂಕನ 15ನ್ನು ಮನೆಗೆ ಹೋಗಿ ನೋಡಿ, ಆ ಸಾಲು ಎರಡನೇ ಸಲ ಬರುವುದಿಲ್ಲ.

ಆದರೆ ದೇವರಿಗೆ ಇದು ಅಗ್ಗದ ವ್ಯವಹಾರ ಅಂದುಕೊಳ್ಳಬೇಡಿ. ಮತ್ತಾಯನ 18ರಲ್ಲಿ ಸಾಲದ ಲೆಕ್ಕ ಇದೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕು. ನಾನು ಒಂದು ಸಲ ಕಾಗದ ಪೆನ್ನು ತೆಗೆದುಕೊಂಡು ಕೂತೆ. ಒಂದು ತಲಾಂತಿಗೆ ಸುಮಾರು 6,000 ದೀನಾರ, ಒಂದು ದೀನಾರ ಒಂದು ದಿನದ ಕೂಲಿ. ಅಲ್ಲಿಗೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೆ 2 ಲಕ್ಷ ವರ್ಷ. ಆಗ ಗಲಿಲಾಯ, ಪೆರಾಯ ಎರಡನ್ನೂ ಆಳುತ್ತಿದ್ದ ಹೆರೋದ ಅಂತಿಪನ ವರ್ಷದ ಆದಾಯವೇ 200 ತಲಾಂತು. ಅಂದರೆ ಆ ಸೇವಕನ ಸಾಲ ಎರಡು ಸೀಮೆಯ 50 ವರ್ಷದ ಕಂದಾಯ. ಅವನು ಕಾಲಿಗೆ ಬಿದ್ದು ಏನನ್ನುತ್ತಾನೆ? ‘ಸ್ವಲ್ಪ ತಾಳಿಕೋ, ಎಲ್ಲಾ ಕೊಟ್ಟು ತೀರಿಸುತ್ತೇನೆ.’ ತೀರಿಸುತ್ತಾನಂತೆ! ಅರಸ ನಕ್ಕನೋ ಏನೋ ಬರೆದಿಲ್ಲ. ಕರುಳು ಚುರುಕ್ ಅಂದಿತು ಅಂತ ಬರೆದಿದೆ, ಅದೇ ಪದ. ಸಾಲ ಬಿಟ್ಟುಬಿಟ್ಟ. ಆ ಸೇವಕ ಹೊರಗೆ ಬಂದು ತನಗೆ 100 ದೀನಾರ ಕೊಡಬೇಕಾಗಿದ್ದವನ ಕುತ್ತಿಗೆ ಹಿಡಿದ. ಮೂರು ನಾಲ್ಕು ತಿಂಗಳ ಕೂಲಿ. ಅದೂ ಸಣ್ಣ ಮೊತ್ತ ಅಲ್ಲ, ನೋಡಿ. ನಮಗೆ ಯಾರಾದರೂ ನಾಲ್ಕು ತಿಂಗಳ ಸಂಬಳ ಕೊಡಬೇಕಿದ್ದರೆ ನಾವೂ ಬಿಡುವವರಲ್ಲ.

ಒಂದು ವಿಷಯದಲ್ಲಿ ನನಗೆ ದಾವೀದನ ಮೇಲೆ ತಕರಾರು ಇದೆ. 51ನೇ ಕೀರ್ತನೆ ಅವನ ಪಶ್ಚಾತ್ತಾಪದ್ದು ಅನ್ನುತ್ತಾರೆ. ಜಜ್ಜಿಹೋದ ಮನಸ್ಸಿನ ಮಾತು ಬರುವುದು ಅದರಲ್ಲೇ. ಅಲ್ಲಿ ‘ನಿನಗೆ, ನಿನಗೇ ತಪ್ಪುಮಾಡಿದ್ದೇನೆ’ ಅಂತ ದೇವರಿಗೆ ಹೇಳುತ್ತಾನೆ. ಹಾಗಾದರೆ ಊರೀಯ? ದೊಡ್ಡವರು ಇದಕ್ಕೆ ವಿವರಣೆ ಕೊಡುತ್ತಾರೆ. ಪಾಪ ಎಲ್ಲವೂ ಕೊನೆಗೆ ದೇವರಿಗೇ ಮಾಡಿದ್ದು ಅಂತ. ಇರಬಹುದು. ಆದರೆ ಊರೀಯ ಸತ್ತಿದ್ದ, ಅವನ ಹತ್ತಿರ ಹೋಗಿ ತಪ್ಪಾಯ್ತು ಅನ್ನುವ ಅವಕಾಶವೇ ದಾವೀದನಿಗೆ ಉಳಿದಿರಲಿಲ್ಲ. ನನಗೆ ಆ ಸಾಲಿನಲ್ಲಿ ಕೇಳಿಸುವುದು ಅದು. ಯೆಹೂದ್ಯರ ಹಳೇ ಕಟ್ಟಳೆಗಳ ಸಂಗ್ರಹ ಮಿಷ್ನಾ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ. ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು ದೋಷಪರಿಹಾರಕ ದಿನ ಕಳೆಯುವುದಿಲ್ಲ, ಮೊದಲು ಅವನನ್ನು ಸಮಾಧಾನ ಮಾಡಬೇಕು ಅಂತ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದ್ದೂ ಇದನ್ನೇ. ಜಕ್ಕಾಯ ಅಂತ ಇನ್ನೊಬ್ಬ ಸುಂಕದವನು. ಯೇಸುವನ್ನು ನೋಡಲು ಮರ ಹತ್ತಿದ್ದ, ಇಳಿದವನು ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ದಾವೀದ ಇನ್ನೊಬ್ಬನಿಗೆ ಹಾಕಿದ ದಂಡವನ್ನು ಈ ಸುಂಕದವನು ತಾನೇ ಹಾಕಿಕೊಂಡ.

ನನ್ನ ಊರೀಯ ಬದುಕಿದ್ದ. ಅದಕ್ಕೇ ನಾನು ಈ ಮಾತು ಆಡಬೇಕು.

ಎಂಟನೇ ಕ್ಲಾಸಿನ ಮಕ್ಕಳ ಪ್ರವಾಸದ ದುಡ್ಡು ನನ್ನ ಹತ್ತಿರ ಇತ್ತು. 240 ರೂಪಾಯಿ ಕಾಣಿಸಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೋಣೆಯಲ್ಲಿ ಇದ್ದವನು ಒಬ್ಬನೇ ಹುಡುಗ. ಬಡವರ ಮನೆಯವನು, ಅಪ್ಪ ಹಮಾಲಿ. ನನಗೆ ಅಷ್ಟು ಸಾಕಾಯಿತು. ಎಲ್ಲರ ಮುಂದೆ ಬೆತ್ತದಲ್ಲಿ ಹೊಡೆದೆ. ಅವನು ‘ನಾನಲ್ಲ ಸಾರ್’ ಅಂತ ಎರಡು ಸಲ ಅಂದ, ಆಮೇಲೆ ಅದನ್ನೂ ಅನ್ನಲಿಲ್ಲ. ಪಾಪದ ಹುಡುಗ. ಮಾರನೇ ದಿನ ಹಾಜರಿ ಪುಸ್ತಕಕ್ಕೆ ಹಾಕಿದ್ದ ಕಂದು ಕಾಗದದ ಹೊದಿಕೆ ಸಡಿಲ ಆಗಿತ್ತು. ಸರಿ ಮಾಡೋಣ ಅಂತ ಬಿಚ್ಚಿದೆ. ದುಡ್ಡು ಅಲ್ಲಿತ್ತು. ನಾನೇ ಇಟ್ಟಿದ್ದೆ.

ಯಾರಿಗೂ ಹೇಳಲಿಲ್ಲ. ದುಡ್ಡನ್ನು ಲೆಕ್ಕಕ್ಕೆ ಸೇರಿಸಿದೆ. ಹುಡುಗನಿಗೆ ‘ಕಳ್ಳ’ ಅನ್ನುವ ಹೆಸರು ಆ ವರ್ಷ ಪೂರ್ತಿ ಉಳಿಯಿತು. ಪ್ರವಾಸಕ್ಕೆ ಅವನು ಬರಲಿಲ್ಲ. ನಾನು ಭಾನುವಾರ ಆರಾಧನೆಗೆ ಹೋದೆ. ತಪ್ಪುಗಳನ್ನು ಕ್ಷಮಿಸು ಅಂತ ಹೇಳಿದೆ. ಬಹಳ ವರ್ಷ ಹೇಳಿದೆ.

26 ವರ್ಷ ಕಳೆದ ಮೇಲೆ ಒಂದು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಂದೆ ನಿಂತು ‘ನಮಸ್ಕಾರ ಸಾರ್, ಗುರುತು ಸಿಕ್ತಾ’ ಅಂದ. ಸಿಕ್ಕಿತು. ಮಕ್ಕಳೆಷ್ಟು, ಮನೆ ಎಲ್ಲಿ ಅಂತ ಮಾತಾಡಿ ಇಳಿದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ದಾರಿಯಲ್ಲಿ ಮತ್ತೆ ಮೂರು ವಾರ ಓಡಾಡಿದೆ, ಕೆಲಸ ಇರಲಿಲ್ಲ. ಮೂರನೇ ವಾರ ಅದೇ ಬಸ್ಸು ಸಿಕ್ಕಿತು. ನಾನೂ ಆ ಕಿರಿಮಗನ ಹಾಗೆ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅದರಲ್ಲಿ ನಾಲ್ಕು ‘ಆದರೆ’ ಇತ್ತು. ಟಿಕೆಟ್ 43 ರೂಪಾಯಿ. 50 ಕೊಟ್ಟೆ. ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ 7 ಅಂತ ಬರೆದುಕೊಟ್ಟ. ಜನ ಕಡಿಮೆ ಇದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ದುಡ್ಡು ಮಾರನೇ ದಿನ ಸಿಕ್ಕಿತ್ತು ಕಣಪ್ಪಾ, ನಾನು ಹೇಳಲಿಲ್ಲ, ತಪ್ಪಾಯ್ತು ಅಂದೆ.

ಅವನು ಚೀಲದ ಬಾಯಿ ಮುಚ್ಚುತ್ತಾ, ‘ಗೊತ್ತಿತ್ತು ಸಾರ್. ನೀವು ಹೊದಿಕೆ ಬಿಚ್ಚುವಾಗ ನಾನು ಕಿಟಕಿ ಹತ್ರಾನೇ ನಿಂತಿದ್ದೆ’ ಅಂದ.

ನನಗೆ ಬಾಯಿ ಬರಲಿಲ್ಲ. ಮತ್ತೆ ಯಾಕಪ್ಪಾ ಸುಮ್ಮನಿದ್ದೆ ಅಂತ ಕೊನೆಗೆ ಕೇಳಿದೆ.

‘ಸಿಟ್ಟು ಇರಲಿಲ್ಲ ಅಂತಲ್ಲ ಸಾರ್. ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಇತ್ತು. ಆದರೆ ಆ ದುಡ್ಡು ಕಂಡಾಗ ನಿಮ್ಮ ಮುಖ ನೋಡಿದ್ದೆ. ಪಾಪ ಅನ್ನಿಸಿತ್ತು.’

ಹಿಂದಿನಿಂದ ಯಾರೋ ‘ಕಂಡಕ್ಟ್ರೇ, ಟಿಕೆಟ್’ ಅಂದರು. ಎದ್ದು ಹೋದ. ನನ್ನ ಸ್ಟಾಪು ಬಂತು. ಮೆಟ್ಟಿಲಿನವರೆಗೆ ಹೋಗಿದ್ದೆ, ಹಿಂದಿನಿಂದ ಕರೆದ. ‘ಸಾರ್, ಚಿಲ್ಲರೆ ಮರೆತ್ರಿ.’ ಏಳು ರೂಪಾಯಿ ಎಣಿಸಿ ಕೈಗಿಟ್ಟ. ತೆಗೆದುಕೊಂಡು ಇಳಿದೆ.